ಎಳೆದಿದ್ದರೂ ಬಾ

ಪ್ರೀತಿಯ ತಮ್ಮಾ,

ಟೀ ಅಂಗಡಿಯ ಅಣ್ಣನ ಹತ್ತಿರ ಈ ಕಾಗದ ಕೊಟ್ಟು ಹೋಗುತ್ತಿದ್ದೇನೆ. ಆರನೇ ಕ್ಲಾಸಿನವರೆಗೆ ಓದಿದವನು ನೀನು, ಬಸ್ಸಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ ತೋರಿಸುತ್ತಿದ್ದೆ. ಇದನ್ನೂ ನಿಧಾನಕ್ಕೆ ಓದು. ರಾತ್ರಿ ಬೇಡ, ಬೆಳಿಗ್ಗೆ ಎದ್ದ ಮೇಲೆ ಓದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ಮೆಜೆಸ್ಟಿಕ್‌ನ ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ, ಆ ಸಂಜೆ. ಅಂಗೈಯಲ್ಲಿ ಮುದುರಿ ಹಿಡಿದ ಬಟ್ಟೆ ತುಂಡು, ಅದರಿಂದ ಪಂಚರ್ ಅಂಗಡಿಯ ವಾಸನೆ. ತುಟಿಯ ಸುತ್ತ ಚರ್ಮ ಸುಲಿದು ಕೆಂಪಗಾಗಿತ್ತು. ನಾನು ಏನಂದೆ? "ಮೊದಲು ಸೊಲ್ಯೂಷನ್ ಬಿಟ್ಟು ಬಾ, ಆಮೇಲೆ ಮಾತಾಡೋಣ" ಅಂದೆ. ನೀನು ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟು "ಆಯ್ತಕ್ಕ" ಅಂದೆ. ಅವತ್ತಿನಿಂದ ನನ್ನನ್ನು ಕಂಡರೆ ಜನರ ನಡುವೆ ಮರೆಯಾಗುತ್ತೀಯ. ಆ ಮಾತು ಆಡಬಾರದಿತ್ತು. ರಾತ್ರಿ ಎಲ್ಲಿ ಮಲಗುತ್ತೀಯ ಅಂತ ಕೇಳಬೇಕಿತ್ತು.

ಆ ಸೊಲ್ಯೂಷನ್ ಯಾಕೆ ಬೇಕಾಗುತ್ತದೆ ಎಂದು ಒಮ್ಮೆ ನೀನೇ ಹೇಳಿದ್ದೆ. ಎಳೆದರೆ ಹಸಿವು ಗೊತ್ತಾಗುವುದಿಲ್ಲ, ಚಳಿ ಗೊತ್ತಾಗುವುದಿಲ್ಲ, ಮಲಗಿದಾಗ ಯಾರು ಬಂದು ಮುಟ್ಟುತ್ತಾರೋ ಅನ್ನೋ ಭಯ ಇರುವುದಿಲ್ಲ, ಮಲತಂದೆಯ ಬೆಲ್ಟು ಕನಸಿಗೆ ಬರುವುದಿಲ್ಲ. ಹನ್ನೊಂದನೇ ವಯಸ್ಸಿಗೆ ರೈಲು ಹತ್ತಿ ಬಂದ ಹುಡುಗನಿಗೆ ಈ ನಾಲ್ಕಕ್ಕೂ ಸಿಕ್ಕಿದ ಒಂದೇ ಮದ್ದು ಅದು. ಮದ್ದನ್ನು ಕಿತ್ತುಕೊಳ್ಳಲು ಎಲ್ಲರೂ ಬಂದೆವು. ನೋವಿನ ಬಗ್ಗೆ ಕೇಳಿದವರು ಕಡಿಮೆ.

"ನಾನೇ ಕೆಟ್ಟವನು ಅಕ್ಕ" ಅನ್ನುತ್ತೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಉದ್ದಗಲ ಸಮೀಕ್ಷೆ ಮಾಡಿಸಿ ವರದಿ ತಂದಿತು. ಹೆಂಡ, ಗಾಂಜಾ ಎಲ್ಲದರಲ್ಲೂ ದೊಡ್ಡವರೇ ಹೆಚ್ಚು. ಮೂಸುವ ಈ ಪದಾರ್ಥ ಒಂದರಲ್ಲಿ ಮಾತ್ರ ಮಕ್ಕಳ ಪ್ರಮಾಣ ಹೆಚ್ಚು: 10ರಿಂದ 17 ವರ್ಷದವರಲ್ಲಿ ನೂರಕ್ಕೆ 1.17, ದೊಡ್ಡವರಲ್ಲಿ 0.58. ಕೈಗೆ ಸಿಗುವುದು ಅದು, ಅಗ್ಗವಾಗಿ ಸಿಗುವುದು ಅದು. ಬಾಟಲಿ ವೈಟ್ನರ್ ಮಾರಬಾರದೆಂದು 2012ರಲ್ಲೇ ಆದೇಶವಾಯಿತು. ಆದರೆ ಪಂಚರ್ ಸೊಲ್ಯೂಷನ್ ಇಲ್ಲದ ಸೈಕಲ್ ಅಂಗಡಿ ಎಲ್ಲಿದೆ ಹೇಳು.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ಎಳೆದ ತಕ್ಷಣ ಯಾರೇ ಅಟ್ಟಿಸಿಕೊಂಡು ಬಂದರೂ ಓಡಬೇಡ. ಸೊಲ್ಯೂಷನ್‌ನಲ್ಲಿರುವ ಟಾಲ್ಯೂಯಿನ್‌ನಂಥ ದ್ರಾವಕ ಎದೆಬಡಿತದ ಲಯ ಕೆಡಿಸುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಓಡಿದರೆ ಹೃದಯ ಅಲ್ಲೇ ನಿಂತುಬಿಡಬಹುದು, ಮೊದಲ ಸಲ ಎಳೆದವನಿಗೂ. ಓಡದೆ ಕೂತುಬಿಡು. ಎರಡೇಟು ಬಿದ್ದರೂ ಜೀವ ಉಳಿಯುತ್ತದೆ. ನಿನ್ನ ಜೊತೆಯ ಚಿಕ್ಕ ಹುಡುಗರಿಗೂ ಇದನ್ನು ಹೇಳು.

ಗುಜರಿ ಅಂಗಡಿಯ ಹಿಂದೆ ಒಬ್ಬನೇ ಮಾತಾಡುತ್ತಾ ಇರುತ್ತೀಯಂತೆ. ಎಡಗೈಯ ಗೀರುಗಳನ್ನು ನಾನು ನೋಡಿದ್ದೇನೆ. ಅದು ಹುಚ್ಚೂ ಅಲ್ಲ, ನಾಟಕವೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾದಕ ವಸ್ತುವಿನಿಂದ ಮನಸ್ಸಿಗೆ ಆಗುವ ತೊಂದರೆಯನ್ನೂ ಕಾಯಿಲೆ ಎಂದೇ ಬರೆದಿದ್ದಾರೆ. ಮನೆಮಠ ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಚಿಕಿತ್ಸೆ ಪೂರ್ತಿ ಉಚಿತ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ. ಹೋದ ಸಲ ಒಂದು ಆಸ್ಪತ್ರೆಯ ಕಿಟಕಿಯಲ್ಲಿ ಆಧಾರ್ ಕೇಳಿ, "ಮನೆಯವರನ್ನ ಕರ್ಕೊಂಡು ಬಾ" ಅಂತ ನಿನ್ನನ್ನು ವಾಪಸ್ ಕಳಿಸಿದರಲ್ಲ, ತಪ್ಪು ಅವರದು. ಕಾಯ್ದೆಯ ಆ ಸಾಲನ್ನು ಅಚ್ಚು ಹಾಕಿಸಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.

ಹದಿನೆಂಟು ತುಂಬಿದ ದಿನ ನೀನು ನಗುತ್ತಾ "ಇನ್ಮೇಲೆ ಮಕ್ಕಳ ಸಹಾಯವಾಣಿ 1098 ನಂದಲ್ಲ" ಅಂದಿದ್ದೆ. ನನಗೆ ಆ ನಗು ಈಗಲೂ ಚುಚ್ಚುತ್ತದೆ. ಹಿಂದಿನ ದಿನದವರೆಗೆ ರಕ್ಷಣೆ ಬೇಕಾದ ಮಗು, ಮರುದಿನ ಫುಟ್‌ಪಾತಿನ ಪುಂಡ. ಲಕ್ಷ ಜನಕ್ಕೆ ಒಂದು ರಾತ್ರಿ ತಂಗುದಾಣ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿ ಎಷ್ಟೋ ವರ್ಷವಾಯಿತು, ಬೆಂಗಳೂರಿನಲ್ಲಿ ಅಷ್ಟಿಲ್ಲ. ನೀನು ಹೋದಲ್ಲಿ ವಾಸನೆ ಬರುತ್ತದೆಂದು ಬಾಗಿಲಲ್ಲೇ ತಡೆದರು. ಹಾಸಿಗೆ ಸಿಗಬೇಕಾದರೆ ಎಳೆಯಬಾರದು, ಎಳೆಯದೆ ಇರಬೇಕಾದರೆ ಹಾಸಿಗೆ ಬೇಕು. ಈ ಗಂಟು ಬಿಚ್ಚಬೇಕಾದವನು ನೀನಲ್ಲ, ನಾವು.

ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಯಾರ ಫೋನಿನಿಂದಾದರೂ ಮಾಡು. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಬೇರೆ ವಿಭಾಗವಿದೆ. ಬಿಟ್ಟ ಮೇಲೆ ಮತ್ತೆ ಎಳೆದು ಮತ್ತೆ ಬರುವವರನ್ನು ಅಲ್ಲಿನವರು ಬಹಳ ನೋಡಿದ್ದಾರೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಇದೇ ಟೀ ಅಂಗಡಿಯ ಹತ್ತಿರ ಇರುತ್ತೇನೆ. ಇಡ್ಲಿ ತಿಂದು ಒಟ್ಟಿಗೆ ಹೋಗೋಣ. ನಿನಗೆ ಆ ದಿನ ಆಗದಿದ್ದರೆ ಮುಂದಿನ ಸೋಮವಾರವೂ ಬರುತ್ತೇನೆ. ಸ್ನಾನ ಮಾಡದೆ ಇದ್ದರೂ ಬಾ, ಎಳೆದಿದ್ದರೂ ಬಾ.

ನಿನ್ನ ಅಕ್ಕ