ಎರಡು ಖಾತೆಗಳ ಮೈಲು

ಮಗಳು ಶಿಕಾಗೋದಲ್ಲಿ, ಮಗ ದುಬೈಯಲ್ಲಿ, ನಾವು ದಂಪತಿಗಳು ಧಾರವಾಡದಲ್ಲಿ. ನಮ್ಮ ಸಮಾಜದ ಅನೇಕ ಮನೆಗಳ ಸ್ಥಿತಿ ಇಂದು ಇದೇ ಆಗಿರುವುದರಿಂದ, ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಒಂದು ಲೆಕ್ಕಾಚಾರವನ್ನು ಓದುಗ ಬಂಧುಗಳ ಮುಂದಿರಿಸಲು ನಾವು ಸಂಕೋಚಪಡುವುದಿಲ್ಲ.

ಪದೇ ಪದೇ ಪ್ರಯಾಣ ಮಾಡುವವರ ಹೆಸರಿನಲ್ಲಿ ವಿಮಾನಸಂಸ್ಥೆಗಳು 'ಮೈಲು' ಇಲ್ಲವೆ 'ಪಾಯಿಂಟು'ಗಳನ್ನು ಜಮಾ ಮಾಡುವ ಪದ್ಧತಿಯುಂಟು. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಇಂಥ ಯೋಜನೆಯನ್ನು ಆರಂಭಿಸಿದ ಮೇಲೆ ಇದು ಲೋಕದ ತುಂಬ ಹರಡಿತು. ಸಾಕಷ್ಟು ಮೈಲು ಕೂಡಿದರೆ ಒಂದು ಟಿಕೆಟ್ಟು ದೊರೆಯುತ್ತದೆ. ಆದರೆ ತೆರಿಗೆ ಮತ್ತಿತರ ಶುಲ್ಕಗಳನ್ನು ನಾವೇ ಕೊಡಬೇಕು. ಹೆಚ್ಚು ಪ್ರಯಾಣ ಮಾಡಿದವರಿಗೆ ಬೆಳ್ಳಿ, ಬಂಗಾರವೆಂಬ ದರ್ಜೆಗಳು ದೊರೆತು, ಸಾಮಾನಿನ ತೂಕದ ಮಿತಿಯೂ ಏರುತ್ತದೆ. ಮಗಳ ಮನೆಗೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಹೊತ್ತೊಯ್ಯುವ ತಾಯಂದಿರಿಗೆ ಇದರ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರುಷಗಳಿಂದ ನಾವು ದುಬೈಗೆ ಎಮಿರೇಟ್ಸ್ ವಿಮಾನದಲ್ಲಿಯೂ, ಶಿಕಾಗೋಕ್ಕೆ ಒಮ್ಮೆ ಏರ್ ಇಂಡಿಯಾ, ಇನ್ನೊಮ್ಮೆ ಲುಫ್ತಾನ್ಸಾ ವಿಮಾನದಲ್ಲಿಯೂ ಹೋಗಿ ಬಂದೆವು. ಮೈಲುಗಳ ಕಡೆಗೆ ಗಮನವಿರಲಿಲ್ಲ. ಹೆಸರು ಬೇಡದ ಒಂದು ಖಾತೆಯಲ್ಲಿ ಅವಧಿ ಮೀರಿ ಕೆಲವು ಸಾವಿರ ಮೈಲು ಅಳಿಸಿಹೋದವು. ಅದು ನಮ್ಮದೇ ಅಲಕ್ಷ್ಯ.

ಹೋದ ವರುಷ ಮಗಳಿಗೆ ಹೆಣ್ಣುಮಗು ಹುಟ್ಟಿತು. ನಮ್ಮ ಹಿರಿಯ ಅಕ್ಕನವರಿಗೆ ಈಗ 76 ವರುಷ. ನರಗುಂದದ ಬದಿಯ ಹಳ್ಳಿಯಲ್ಲಿರುತ್ತಾರೆ. ನಮ್ಮ ತಾಯಿ ತೀರಿಕೊಂಡ ಮೇಲೆ ನಮ್ಮನ್ನು ಬೆಳೆಸಿದವರೂ, ಮುಂದೆ ನಮ್ಮ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎರೆದವರೂ ಅವರೇ. ಆ ಕೂಸನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಅವರ ಟಿಕೆಟ್ಟನ್ನಾದರೂ ಮೈಲುಗಳಿಂದ ಪಡೆಯೋಣವೆಂದು ಖಾತೆಗಳನ್ನು ತೆರೆದು ನೋಡಿದರೆ, ಎಲ್ಲವನ್ನೂ ಕೂಡಿಸಿದಲ್ಲಿ ಸಾಕಾಗುತ್ತಿತ್ತು. ಬಿಡಿಬಿಡಿಯಾಗಿ ಎಲ್ಲಿಯೂ ಸಾಲದು. ಒಂದರಿಂದ ಇನ್ನೊಂದಕ್ಕೆ ಸುರಿಯಲು ಬಾರದು.

ಇದನ್ನು ಅಕ್ಕನವರಿಗೆ ತಿಳಿಸಲು ನಾವು ತಿಣುಕಾಡುತ್ತಿದ್ದಾಗ ಅವರೇ ಕೇಳಿದರು: "ತಮ್ಮಾ, ಅದು ನಮ್ಮ ಡೇರಿ ಪುಸ್ತಕ ಇದ್ದಂಗ ಏನು? ಮುಂಜಾನಿ ಹಾಲು ಒಂದು ಡೇರಿಗೆ, ಸಂಜಿ ಹಾಲು ಇನ್ನೊಂದಕ್ಕ ಹಾಕಿದ್ರ ಎಲ್ಲಿ ಬೋನಸ್ಸು ಕೈಹತ್ತತೈತಿ?" ನಮ್ಮ ಮಕ್ಕಳಿಬ್ಬರೂ ಗಂಟೆಗಟ್ಟಲೆ ಫೋನಿನಲ್ಲಿ ವಿವರಿಸಿದ್ದು ಇಷ್ಟನ್ನೇ.

ಆದರೆ ಯಾವ ಡೇರಿ ಎಂಬಲ್ಲಿ ಜಗಳ ಹತ್ತಿತು. ಮಗನ ಸಲಹೆ ಸರಳವಾಗಿತ್ತು: ಎಮಿರೇಟ್ಸ್ ದುಬೈಯಿಂದ ಶಿಕಾಗೋಕ್ಕೂ ಹೋಗುತ್ತದೆ, ಇನ್ನು ಮೇಲೆ ಎಲ್ಲ ಪ್ರಯಾಣವೂ ಅದರಲ್ಲಿಯೇ ಆಗಲಿ, ಬೆಳ್ಳಿಯ ದರ್ಜೆಯೂ ಬರುತ್ತದೆ. ಮಗಳು ನಗುತ್ತ, "ಅಂದರ ಅಪ್ಪಾಜಿ, ನನ್ನ ಮನಿಗೆ ಬರಬೇಕಾದರೂ ಮೊದಲು ಅಣ್ಣನ ಮನೀನ?" ಎಂದಳು. ಅವಳು ನಕ್ಕಳು, ನಮ್ಮ ಮನೆಯವರು ನಗಲಿಲ್ಲ. ಮುಂದೆ ವಾರಗಟ್ಟಲೆ ಗಮನಿಸಿದಾಗ, ಮೈಲುಗಳ ಸಲುವಾಗಿ ದುಬೈಗೆ ಎರಡು ಸಲ ಹೆಚ್ಚಿಗೆ ಹೋಗುವ, ಶಿಕಾಗೋವನ್ನು ಒಂದು ವರುಷ ಮುಂದೂಡುವ ಮಾತುಗಳು ನಮ್ಮ ಬಾಯಿಂದಲೇ ಬರತೊಡಗಿದ್ದವು. ಯಾವ ಮಗುವಿನ ಮನೆಗೆ ಯಾವಾಗ ಹೋಗಬೇಕೆಂಬುದನ್ನು ಒಂದು ಖಾತೆಪುಸ್ತಕ ನಿರ್ಧರಿಸುತ್ತಿತ್ತು!

ಆಗ ಕುಳಿತು ನಿಯಮಗಳನ್ನು ಓದಿದೆವು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟವನ್ನು ಸೇರಿದೆ. ಲುಫ್ತಾನ್ಸಾ, ಯುನೈಟೆಡ್ 1997ರಲ್ಲಿ ಅದನ್ನು ಕಟ್ಟಿದವರಲ್ಲಿವೆ. ಹೀಗಾಗಿ ಲುಫ್ತಾನ್ಸಾದಲ್ಲಿ ಕುಳಿತರೂ ಏರ್ ಇಂಡಿಯಾದ ಸದಸ್ಯತ್ವ ಸಂಖ್ಯೆಯನ್ನು ಕೊಟ್ಟು, ಅಲ್ಲಿಯ ಮಹಾರಾಜಾ ಕ್ಲಬ್ಬಿನ ಖಾತೆಗೇ ಜಮಾ ಮಾಡಿಸಬಹುದು. ಹತ್ತು ವರುಷ ನಾವು ಇದನ್ನರಿಯದೆ ಪ್ರತಿಯೊಂದರಲ್ಲಿಯೂ ಬೇರೆ ಖಾತೆ ತೆರೆದಿದ್ದೆವು. ಎಮಿರೇಟ್ಸ್ ಈ ಒಕ್ಕೂಟದಲ್ಲಿಲ್ಲ. ಅದರ ಮೈಲುಗಳಿಗೆ ಸುಮಾರು ಮೂರು ವರುಷಗಳ ಆಯುಷ್ಯ. ಆದರೆ ಕುಟುಂಬದ ಎಂಟು ಜನರವರೆಗೆ ಮೈಲುಗಳನ್ನು ಒಂದೆಡೆ ಕೂಡಿಹಾಕುವ ಅವಕಾಶ ಅಲ್ಲುಂಟು. ಇನ್ನೊಂದು ಮಾತು: ಹಿಂದೆ ದೂರವನ್ನು ನೋಡಿ ಮೈಲು ಕೊಡುತ್ತಿದ್ದರು, ಯುನೈಟೆಡ್‌ನಂಥ ಸಂಸ್ಥೆಗಳು 2015ರಿಂದ ತಮ್ಮ ವಿಮಾನಗಳಲ್ಲಿ ಕೊಟ್ಟ ಹಣವನ್ನು ನೋಡಿ ಕೊಡುತ್ತಿವೆ. ಎಲ್ಲಕ್ಕಿಂತ ಅಗ್ಗದ ಟಿಕೆಟ್ಟನ್ನೇ ಹುಡುಕುವ ನಮ್ಮಂಥವರ ಚೀಲ ಬೇಗ ತುಂಬುವುದಿಲ್ಲ. ಬೆಳ್ಳಿಯ ಆಸೆಯನ್ನು ಅಂದೇ ಬಿಟ್ಟೆವು.

ಶಿಕಾಗೋದ ಪ್ರಯಾಣಗಳೆಲ್ಲ ಇನ್ನು ಮಹಾರಾಜಾ ಕ್ಲಬ್ಬಿಗೆ. ದುಬೈಯ ಮೈಲುಗಳು ಮಗನ ಕುಟುಂಬದ ಖಾತೆಗೆ. ಸೊಸೆ ತವರಿಗೆ ಬರುವಾಗ ಅವು ಅವಳಿಗೆ ಒದಗುತ್ತವೆ. ಹೀಗೆ ಎರಡು ಕಡೆ ಹಂಚಿದಂತಾಯಿತು, ಆದರೆ ಅರ್ಧರ್ಧ ಚೀಲಗಳಾಗಲಿಲ್ಲ. ಖಾತೆಯಲ್ಲಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ ಎಂದು ಇಲ್ಲಿ ಹೇಳಿಬಿಡುತ್ತೇವೆ. ತಂದೆಯ ಹೆಸರು, ಮನೆತನದ ಹೆಸರು ಹಿಂದುಮುಂದಾಗಿ ನಮಗೆ ಒಂದು ತಿಂಗಳ ಪತ್ರವ್ಯವಹಾರವಾಯಿತು.

ಅಕ್ಕನವರ ಟಿಕೆಟ್ಟು ಉಳಿಯಿತು. ನಮ್ಮ ಹೊಸ ಲೆಕ್ಕದಂತೆ ಅವರನ್ನು ಫ್ರಾಂಕ್‌ಫರ್ಟಿನ ಮೇಲಿಂದ ಕರೆದೊಯ್ಯಬೇಕಿತ್ತು. ಆದರೆ ಬೆಂಗಳೂರಿನಿಂದ ಅಲ್ಲಿಗೆ ಹತ್ತು ಗಂಟೆ ಕುಳಿತು, ಅಂದೇ ಇನ್ನೊಂದು ವಿಮಾನವನ್ನೇರಿ ಮತ್ತೆ ಅಷ್ಟೇ ಹೊತ್ತು ಕುಳಿತುಕೊಳ್ಳುವುದು ಅವರ ಮೊಳಕಾಲುಗಳಿಗೆ ಆಗದ ಮಾತು. ದುಬೈಗಾದರೆ ನಾಲ್ಕು ಗಂಟೆಯ ದಾರಿ; ಮಗನ ಮನೆಯಲ್ಲಿ ಮೂರು ದಿನ ಒರಗಿ, ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಆಮೇಲೆ ದೊಡ್ಡ ವಿಮಾನ. ಮಗಳೇ ಫೋನು ಮಾಡಿ, "ದೊಡ್ಡವ್ವನ್ನ ಅಣ್ಣನ ಮನಿ ಮೇಲಿಂದನ ಕರಕೊಂಡು ಬರ್ರಿ" ಎಂದಳು.

ಮೈಲು ಕೂಡುವವರೆಗೆ ಕಾಯದೆ ಬ್ಯಾಂಕಿನ ಠೇವಣಿಯೊಂದನ್ನು ಮುರಿದು ಮೂವರಿಗೂ ಟಿಕೆಟ್ಟು ಕೊಂಡಿದ್ದೇವೆ. ಅಕ್ಕನವರಿಗೆ ಗಾಲಿಕುರ್ಚಿಯನ್ನೂ ಹೇಳಿಟ್ಟಾಗಿದೆ. ಮೊನ್ನೆ ಹಳ್ಳಿಯಿಂದ ಬಂದವರು ಕೂಸಿಗೆಂದು ತಾವೇ ಹೊಲಿದ ಕೌದಿಯನ್ನು ತಂದರು. ತೂಗಿ ನೋಡಿದರೆ ಎರಡೂವರೆ ಕಿಲೋ. ನಮ್ಮ ಮನೆಯವರು ಮರುಮಾತಿಲ್ಲದೆ ತಮ್ಮ ಪೆಟ್ಟಿಗೆಯಿಂದ ಹಿಂಡಿಯ ಪೊಟ್ಟಣಗಳನ್ನು ತೆಗೆದಿಟ್ಟರು.