ಎರಡು ಫೈಲು

ಕಪ್ಪು ಕೋಟು ಹಾಕಿಕೊಂಡ ಮೊದಲ ದಿನ ನಮ್ಮಲ್ಲೊಬ್ಬನ ಅವ್ವ ದೂರ ನಿಂತು ನೋಡಿ, "ಇದೇನ್ಲಾ, ಉರಿ ಬಿಸ್ಲಲ್ಲಿ ಕಂಬ್ಳಿ ಹೊದ್ಕಂಡಂಗೆ" ಅಂದಳು. ಕೇರಿಯಿಂದ ಬಂದ ನಾವು ಮೂವರು ವಕೀಲರು. ಮೂವರಿಗೂ ಒಂದೇ ಕೋಣೆ, ಒಂದೇ ಬೀರು. ಬೀರುವಿನಲ್ಲಿ ಎರಡು ಅರೆ. ಮೇಲಿನದು ದೇವರ ಕೇಸುಗಳಿಗೆ, ಕೆಳಗಿನದು ಕೂಲಿಯ ಕೇಸುಗಳಿಗೆ. ಯಾರು ಹಾಗೆ ಜೋಡಿಸಿದರೋ ನೆನಪಿಲ್ಲ.

ಅನ್ನ ಕೊಟ್ಟಿದ್ದು ಕೆಳಗಿನ ಅರೆ. ಕಸ ಗುಡಿಸುವವರು, ಚರಂಡಿಯವರು, ಗೇಟಿನಿಂದಾಚೆ ತಳ್ಳಿಸಿಕೊಂಡವರು. ಒಂದು ವರ್ಷದಲ್ಲಿ 240 ದಿನ ದುಡಿದವರನ್ನು ನೋಟೀಸಿಲ್ಲದೆ, ಪರಿಹಾರವಿಲ್ಲದೆ ತೆಗೆಯಬಾರದು ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತ್ತು. ಆ ದಿನಗಳನ್ನು ದುಡಿದವನೇ ರುಜುವಾತು ಮಾಡಬೇಕು, ಬರೀ ಪ್ರಮಾಣಪತ್ರ ಸಾಲದು ಅಂತ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೂ ಕರ್ನಾಟಕದ ಅರಣ್ಯ ಇಲಾಖೆಯ ಕೇಸಿನಲ್ಲೇ. ಹಾಜರಿ ಪುಸ್ತಕ ಇರೋದು ಧಣಿ ಹತ್ರ. ಆಳಿನ ಹತ್ರ ಇರೋದು ಪೊರಕೆ. ಪೊರಕೆಯನ್ನು ಸಾಕ್ಷಿ ಮಾಡೋದು ಹೇಗೆ ಅನ್ನೋದೇ ನಮ್ಮ ವಕೀಲಿಕೆಯಾಯಿತು.

ಮೇಲಿನ ಅರೆಯಲ್ಲಿ ಕೇಸು ಕಮ್ಮಿ, ಮಾತು ಜಾಸ್ತಿ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ 1957ರ ತೀರ್ಪನ್ನು ಎಷ್ಟು ಸಲ ಓದಿದ್ದೇವೋ. ದೇವಸ್ಥಾನ ಒಂದು ಪಂಗಡದ್ದೇ ಆದರೂ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆಯಬೇಕು ಅಂತ ಕೋರ್ಟು ಹೇಳಿತು. ಆದರೆ ಕೆಲವು ಸೇವೆಗಳ ಹೊತ್ತಿಗೆ ಆ ಪಂಗಡದವರು ಮಾತ್ರ ಅಂತ ಒಂದು ಸಂದನ್ನೂ ಉಳಿಸಿತು. ಅಂಥ ಸಂದುಗಳು ನಮಗೆ ಹೊಸವಲ್ಲ.

ಎರಡು ಅರೆಯಲ್ಲಿ ಯಾವುದಕ್ಕೆ ಸೇರಿಸಬೇಕೋ ಗೊತ್ತಾಗದ ಕೇಸೊಂದಿದೆ. ಮದರಾಸಿನ ರಸ್ತೆ ಬದಿಯಲ್ಲಿ ಕೂತು ಮೆಟ್ಟು ಹೊಲಿಯುವವರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅವರಲ್ಲೊಬ್ಬ ಕ್ರೈಸ್ತನಾದ ಆದಿದ್ರಾವಿಡ. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ. ಅವನಿಗೆ ಮಾತ್ರ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಅವನು ಪರಿಶಿಷ್ಟ ಜಾತಿಯವನೇ ಅಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿ ವಜಾ ಮಾಡಿತು: ಮತಾಂತರವಾದ ಮೇಲೂ ಜಾತಿ ಉಳಿಯಿತು ಅಂದರೆ ಸಾಲದು, ಜಾತಿಯ ಸಂಕಟವೂ ಅಷ್ಟೇ ಕಠೋರವಾಗಿ ಉಳಿದಿದೆ ಅಂತ ತೋರಿಸಬೇಕಂತೆ. ಮತ್ತೆ ರುಜುವಾತು. 240 ದಿನದ ಲೆಕ್ಕವಾದರೂ ಎಣಿಸಬಹುದು, ಅವಮಾನದ ಹಾಜರಿ ಬರೆದಿಟ್ಟವರು ಯಾರು?

ಇದನ್ನೆಲ್ಲ ಪುಸ್ತಕದ ಮಾತು ಅಂದುಕೊಂಡಿದ್ದೆವು, ಆ ಅಜ್ಜಿ ಬರೋ ತನಕ. ಚರಂಡಿ ಕೆಲಸದ ಅವಳ ಕೇಸನ್ನು ನಾವೇ ಎಂಟು ವರ್ಷ ಎಳೆದಾಡಿ ಗೆದ್ದಿದ್ದೆವು. ಈಗ ಮೊಮ್ಮಗನ ಜಾತಿ ಸರ್ಟಿಫಿಕೇಟು. ಕಂದಾಯದವರು ಮನೆಗೆ ಬಂದು ನೋಡುತ್ತಾರೆ. ಗೋಡೆ ಮೇಲೆ ಯೇಸುವಿನ ಪಟ.

"ಪಟ ತೆಗೆದಿಡವ್ವ" ಅಂದೆವು. ಹೌದು, ನಾವೇ ಅಂದೆವು. ಅಂತಃಕರಣದ ಸ್ವಾತಂತ್ರ್ಯ ಅಂತ 25ನೇ ವಿಧಿಯನ್ನು ಗಂಟಲು ಹರಿಯೋ ಹಾಗೆ ವಾದಿಸುವ ನಾವು. ಪುದುಚೇರಿಯ ಕೆಲಸದ ಕೇಸೊಂದರಲ್ಲಿ, ನಂಬಿಕೆಯಿಲ್ಲದೆ ಮೀಸಲಾತಿಗೋಸ್ಕರ ಹಿಂದೂ ಅಂದರೆ ಅದು ಸಂವಿಧಾನಕ್ಕೆ ಮಾಡುವ ಮೋಸ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆವು. ಮೊಮ್ಮಗನ ವಯಸ್ಸು ಕಾಯೋದಿಲ್ಲ.

ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ಕೇಳಿದಳು: "ಯೇಸುನ ನಂಬಿದ್ ಮ್ಯಾಲೆ ಚರಂಡಿ ನನ್ನ ಬುಡ್ತಾ ಲಾಯರಪ್ಪ?"

ನಾವು ಸುಮ್ಮನಿದ್ದೆವು. ಅವಳು ನಮ್ಮ ಗೋಡೆ ಕಡೆ ಕೈ ತೋರಿಸಿದಳು. ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ.

"ನೀವು ಅದ ತೆಗ್ಯಲ್ವಾ?"

"ಬೇಕಾಗಿಲ್ಲ ಅವ್ವ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಆ ಆದೇಶಕ್ಕೆ ಸೇರಿಸ್ಕಂಡವ್ರೆ."

"ನಮ್ಮುನ್ನ ಯಾವಾಗಂತೆ?"

ಪಟ ತೆಗೆಯೋದಿಲ್ಲ ಅಂದು ಎದ್ದಳು. ಆಮೇಲೆ ನಾವು ಮೂವರೂ ಕೂತು ಹೊಸ ಅರ್ಜಿ ಬರೆಯತೊಡಗಿದೆವು. ಅಜ್ಜಿಯ ಹಳೇ ಕೇಸಿನ ಫೈಲನ್ನು ಕೆಳಗಿನ ಅರೆಯಿಂದ ತೆಗೆದೆವು. ಹೆಸರು, ವರ್ಷ, ವಾರ್ಡು, ಯಾವ ಮೋರಿಗೆ ಎಷ್ಟು ದಿನ ಇಳಿದಳು, ಎಲ್ಲ ಅದರಲ್ಲಿತ್ತು. ಮೊದಲನೇ ದಾಖಲೆ ಅಂತ ಅದನ್ನೇ ಲಗತ್ತಿಸಿದೆವು.