ಬಾಲ ಆಮೇಲೆ, ಮೊದಲು ನಂಬರ್ ನೋಡಿ

ಮುಂದಿನ ಬಾನೆಟ್ ಎತ್ತುತ್ತಿದ್ದಂತೆ ಹಳೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಈ ಕಾರಿಗೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಪರೀಕ್ಷಕರು ಒಂದು ಮಾತೂ ಆಡದೆ ಡಿಕ್ಕಿಯ ಕಾರ್ಪೆಟ್ ಎತ್ತಿ ಪಕ್ಕಕ್ಕೆ ಮಡಚುತ್ತಾರೆ. ಪೆಟ್ರೋಲ್ ಟ್ಯಾಂಕಿನ ಹಿಂದಿರುವ ತಗಡಿನ ಧೂಳು ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯುತ್ತಾರೆ. ಬಣ್ಣದಡಿ ಹುದುಗಿದ್ದ ಅಂಕೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಒಂಬತ್ತು, ಒಂದು, ಒಂದು, ಮೂರು, ಆರು, ಸೊನ್ನೆ. ಆಮೇಲೆ ಇನ್ನೂ ನಾಲ್ಕು.

"ಆರು ಇದೆಯಾ?" ನನ್ನ ಹೆಗಲ ಮೇಲಿಂದ ಬಗ್ಗಿ ಕೇಳುತ್ತಾರೆ ನಮ್ಮ ಹಿರಿಯ ಮಿತ್ರರು.

"ಇದೆ ಸಾರ್."

"ಸರಿಯಾಗಿ ನೋಡಯ್ಯ. ಮೂರನ್ನ ತಿದ್ದಿ ಆರು ಮಾಡಿಬಿಟ್ಟಿರ್ತಾರೆ."

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪೋರ್ಷೆ ಕಂಪನಿಯ ಈ ಸಾಲಿನ ನಂಬರುಗಳಲ್ಲಿ ಮೊದಲ ಮೂರು ಅಂಕೆ ಕಾರಿನ ಹೆಸರು, 911. ನಂತರದ 3 ಅಂದರೆ 1973ರ ಮಾಡೆಲ್. ಅದರ ಮುಂದಿನ ಅಂಕೆಯಲ್ಲೇ ಎಲ್ಲ ಇರುವುದು. ಅಲ್ಲಿ 3 ಇದ್ದರೆ ಅದು 911 ಎಸ್, 6 ಇದ್ದರೆ ಕರೆರಾ ಆರ್‌ಎಸ್ 2.7. ಆ ಒಂದು ಅಂಕೆಯ ಮೇಲೆ ಲಕ್ಷಾಂತರ ಯೂರೋ ನಿಂತಿದೆ.

ನಾವಿರುವುದು ಸ್ಟುಟ್‌ಗಾರ್ಟ್ ಹೊರವಲಯದ ಒಂದು ಶೆಡ್ಡಿನಲ್ಲಿ. ಈ ಕಾರು ತಯಾರಾದ ತ್ಸುಫೆನ್‌ಹೌಸೆನ್ ಕಾರ್ಖಾನೆ ಇಲ್ಲಿಗೆ ದೂರವಲ್ಲ. ಕೊಳ್ಳಲು ಬಂದಿರುವ ನಮ್ಮ ಸಾರ್ ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ ಇಂಜೆಕ್ಷನ್ ಪಂಪುಗಳ ನಡುವೆ ಕೆಲಸ ಕಲಿತವರು. ಆಮೇಲೆ ಬಾಷ್ ಕಂಪನಿಯ ಕೆಲಸದ ಮೇಲೆ ಇಲ್ಲಿಗೆ ಬಂದು ಇಲ್ಲೇ ನಿವೃತ್ತರಾದರು. ಜಯನಗರದ ಮನೆ ಮಾರಿ ಬಂದ ಪಾಲಿನ ಹಣವನ್ನು ಈ ಕಾರಿನ ಮೇಲೆ ಹಾಕಲು ಹೊರಟಿದ್ದಾರೆ. ಕಾರನ್ನು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಸುತ್ತು ಬರುತ್ತಾರೆ, ಮುಟ್ಟುವುದಿಲ್ಲ.

ಕಣ್ಣಿಗೇನೋ ಕಾರು ಹಬ್ಬ. ಬಿಳಿ ಮೈ, ಪಕ್ಕದಲ್ಲಿ ನೀಲಿ ಅಕ್ಷರದಲ್ಲಿ ಕರೆರಾ ಎಂಬ ಬರಹ, ಚಕ್ರಗಳಿಗೂ ಅದೇ ನೀಲಿ, ಹಿಂದೆ ಮೇಲಕ್ಕೆದ್ದ ಬಾತುಕೋಳಿ ಬಾಲ. ವೇಗ ಏರಿದಂತೆ ಹಳೇ 911ರ ಹಿಂಭಾಗ ಗಾಳಿಗೆ ಹಗುರಾಗಿ ಎದ್ದು, ಟೈರು ರಸ್ತೆಯ ಹಿಡಿತ ಕಳೆದುಕೊಳ್ಳುತ್ತಿತ್ತು. ಅದನ್ನು ಕೆಳಕ್ಕೆ ಒತ್ತಿ ಹಿಡಿಯಲು ಬುರ್ಸ್ಟ್, ಬ್ರೋಡ್‌ಬೆಕ್, ವೀನರ್ ಎಂಬ ಮೂವರು ಈ ಬಾಲ ರೂಪಿಸಿದರು. 1972ರ ಆಗಸ್ಟಿನಲ್ಲಿ ಪೇಟೆಂಟ್ ಅರ್ಜಿ ಹೋಯಿತು, ಅಕ್ಟೋಬರಿನಲ್ಲಿ ಕಾರು ಪ್ಯಾರಿಸ್ ಪ್ರದರ್ಶನಕ್ಕೆ ಬಂತು. ರೇಸಿಗೆ ಮಾನ್ಯತೆ ಸಿಗಬೇಕಾದರೆ 500 ಕಾರು ಮಾಡಿ ಮಾರಲೇಬೇಕಿತ್ತು. 34,000 ಮಾರ್ಕ್ ಕೊಟ್ಟು ಇದನ್ನು ಯಾರು ಕೊಳ್ಳುತ್ತಾರೆ ಎಂಬ ಅಳುಕು ಕಂಪನಿಯೊಳಗೇ ಇತ್ತು. ಕೊನೆಗೆ ತಯಾರಾದದ್ದು 1580.

ಇವತ್ತು ಕಣ್ಣಿಗೆ ಕಾಣುವ ಇಷ್ಟೂ ಸಾಮಾನು ದುಡ್ಡು ಕೊಟ್ಟರೆ ಸಿಗುತ್ತದೆ. ಬಾಲ ಸಿಗುತ್ತದೆ, ಸ್ಟಿಕ್ಕರ್ ಸಿಗುತ್ತದೆ, ಹಿಂದಕ್ಕೆ ಏಳು ಇಂಚು, ಮುಂದಕ್ಕೆ ಆರು ಇಂಚಿನ ಫುಕ್ಸ್ ಚಕ್ರ ಸಿಗುತ್ತದೆ. ಸಾದಾ 911 ಟಿ ಒಂದಕ್ಕೆ ಇವನ್ನೆಲ್ಲ ತೊಡಿಸಿ ನಿಲ್ಲಿಸಿದರೆ ದೂರದಿಂದ ಪತ್ತೆ ಹಚ್ಚುವುದು ಕಷ್ಟ. ಪರೀಕ್ಷಕರು ಬಾಲದ ಕಡೆ ಒಮ್ಮೆಯೂ ಕಣ್ಣು ಹಾಯಿಸಿಲ್ಲ.

ಅವರಿನ್ನೂ ಅಂಕೆಗಳ ಮೇಲೇ ಬಗ್ಗಿದ್ದಾರೆ. ಹತ್ತಿರ ಹೋಗಿ ನೋಡಿ. ಎರಡನೇ 1 ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂತಿದೆ. ಸೊನ್ನೆಯ ಬಲ ಅಂಚು ಎಡಕ್ಕಿಂತ ಆಳ. ನಿಮಗೆ ಇದು ಅನುಮಾನ ಹುಟ್ಟಿಸಬಹುದು, ಅವರಿಗೆ ಸಮಾಧಾನ ತರುತ್ತದೆ. ಕಾರ್ಖಾನೆಯ ಅಚ್ಚು ಹೀಗೇ ತುಸು ಒರಟಾಗಿ ಬೀಳುತ್ತಿತ್ತು. ಅಸಲಿ ಕಾರುಗಳ ಫೋಟೋಗಳನ್ನು ಮೊಬೈಲಿನಲ್ಲಿ ತೆರೆದು ಅಂಕೆಯ ಆಕಾರ, ನಡುವಿನ ಅಂತರ ಹೋಲಿಸುತ್ತಾರೆ. 6ರ ಹೊಟ್ಟೆಯ ಮೇಲೆ ಭೂತಗನ್ನಡಿ ಬಹಳ ಹೊತ್ತು ನಿಲ್ಲುತ್ತದೆ. 3ನ್ನು ತಿದ್ದಿದ್ದರೆ ಎಡಗಡೆ ಬೇರೆ ಅಚ್ಚಿನ ಗೆರೆ ಕಾಣಬೇಕು. ಅಂಥದ್ದೇನೂ ಇಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಅಂಕೆ ಅಸಲಿಯಾಗಿದ್ದು ತಗಡು ಬೇರೆ ಕಾರಿನದಾಗಿರಬಹುದು. ಅಪಘಾತದಲ್ಲಿ ನಜ್ಜುಗುಜ್ಜಾದ ಆರ್‌ಎಸ್‌ನಿಂದ ಆ ತುಂಡನ್ನಷ್ಟೇ ಕತ್ತರಿಸಿ ಇನ್ನೊಂದು ಬಾಡಿಗೆ ಬೆಸೆಯುವವರಿದ್ದಾರೆ. ಹಾಗಾಗಿ ಪೇಂಟಿನ ದಪ್ಪ ಅಳೆಯುವ ಮೀಟರನ್ನು ಅಂಕೆಗಳ ಸುತ್ತ ಬೆರಳಗಲಕ್ಕೊಮ್ಮೆ ಇಟ್ಟು ನೋಡುತ್ತಾರೆ. ಬೆಸೆದ ಜಾಗವನ್ನು ಮೆತ್ತಿ ಮುಚ್ಚಿದ್ದರೆ ಮೀಟರು ಥಟ್ಟನೆ ಏರಬೇಕು. ಏರುವುದಿಲ್ಲ. ತಗಡಿನ ಅಂಚುಗಳ ಸ್ಪಾಟ್ ವೆಲ್ಡ್ ಗುಳಿಗಳನ್ನು ಬೆರಳಲ್ಲಿ ಸವರಿ ತಲೆಯಾಡಿಸುತ್ತಾರೆ. ಆಮೇಲೆ ಡ್ಯಾಶ್‌ಬೋರ್ಡಿನ ಪಟ್ಟಿ ಬಿಚ್ಚಿಸಿ ಒಳಗಿನ ಇನ್ನೊಂದು ನಂಬರ್ ಬರೆದುಕೊಳ್ಳುತ್ತಾರೆ. ಅದು ಕಾರ್ಖಾನೆಯ ಉತ್ಪಾದನಾ ಸಂಖ್ಯೆ. ಚಾಸಿಸ್ ನಂಬರಿಗೂ ಅದಕ್ಕೂ ಇರುವ ಜೋಡಿ ಕಾರ್ಖಾನೆಯ ದಾಖಲೆಯಲ್ಲಿ ಮಾತ್ರ ಸಿಗುವುದರಿಂದ ನಕಲಿ ಮಾಡುವವರು ಎಡವುವುದು ಇಲ್ಲೇ ಹೆಚ್ಚು.

ಹಿಂದಿನ ಚಕ್ರದ ಕಮಾನಿನೊಳಗೆ ಕೈ ಹಾಕಿ ಎಂದು ನನಗೆ ಸನ್ನೆ ಮಾಡುತ್ತಾರೆ. ಅಗಲವಾದ ಹಿಂದಿನ ಚಕ್ರಕ್ಕೆ ಜಾಗ ಬೇಕೆಂದು ಆರ್‌ಎಸ್‌ನ ಹಿಂಬದಿ ಮಡ್‌ಗಾರ್ಡ್ ಉಬ್ಬಿಸಿದ್ದಾರೆ. ನಕಲಿಯಲ್ಲಿ ಆ ಉಬ್ಬು ಆಮೇಲೆ ಬೆಸೆದದ್ದಾಗಿದ್ದರೆ ಒಳಗಡೆ ಗಂಟುಗಂಟು ಗೆರೆ ಕೈಗೆ ಸಿಗುತ್ತದೆ. ಇಲ್ಲಿ ಒಳಮೈ ನುಣುಪಾಗಿ ಒಂದೇ ಹರಿವಿನಲ್ಲಿದೆ.

ಈಗ ಎಂಜಿನ್. ಫ್ಯಾನಿನ ಬಲಕ್ಕೆ, ಅದನ್ನು ಹೊತ್ತ ಭಾಗದ ಮೇಲೆ ನಂಬರ್ ಇರುತ್ತದೆ. ಬಗ್ಗಿ ಓದಬೇಕು. 911/83 ಎಂಬ ಗುರುತು ಸಿಕ್ಕಿತು, ಅದು ಆರ್‌ಎಸ್‌ನ 2687 ಸಿಸಿ, 210 ಅಶ್ವಶಕ್ತಿಯ ಎಂಜಿನ್. ಜೊತೆಗೆ 663ರಿಂದ ಶುರುವಾಗುವ ಏಳು ಅಂಕೆ. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ ಎರಕದ್ದು. ಹಳೇ ನಂಬರ್ ಉಜ್ಜಿ ಹೊಸದು ಹೊಡೆದಿದ್ದರೆ ಎರಕದ ಸಹಜ ತರಿ ಆ ಜಾಗದಲ್ಲಿ ಅಳಿಸಿಹೋಗಿರುತ್ತದೆ. ಇಲ್ಲಿ ತರಿ ಹಾಗೇ ಇದೆ.

ನಮ್ಮ ಸಾರ್ ಈಗ ತಡೆಯಲಾರದೆ ಮುಂದೆ ಬರುತ್ತಾರೆ. "ಪಂಪ್ ನಾನು ನೋಡ್ತೀನಿ, ಬಿಡಿ."

ಆರು ಪ್ಲಂಜರುಗಳು ಎರಡು ಸಾಲಾಗಿ ಕೂತ ಬಾಷ್ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಅದು. ಆಡುಗೋಡಿಯಲ್ಲಿ ಅವರು ಕಂಡದ್ದು ಡೀಸೆಲ್ ಪಂಪುಗಳನ್ನು, ಆದರೂ ಮನೆತನ ಒಂದೇ. ಚಿಂದಿಬಟ್ಟೆಗೆ ಪೆಟ್ರೋಲ್ ಅದ್ದಿ ತಗಡಿನ ಚೀಟಿಯ ಮೇಲಿನ ಜಿಡ್ಡು ತೆಗೆಯುತ್ತಾರೆ, ಕನ್ನಡಕ ಹಣೆಗೇರಿಸಿ ಅಂಕೆ ಓದುತ್ತಾರೆ, ಜೇಬಿನ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. 2.4 ಲೀಟರ್ ಎಂಜಿನ್ನಿನ ಪಂಪನ್ನೇ ಸಿಕ್ಕಿಸಿ ಸುಮ್ಮನಾಗುವುದು ನಕಲಿಯವರ ರೂಢಿ. ಒಳಗಿನ ಕ್ಯಾಮ್ ಬೇರೆ, ಪೆಟ್ರೋಲ್ ಅಳತೆ ಬೇರೆ. "ಇದು ಇದರದ್ದೇ ಪಂಪು," ಎನ್ನುವಾಗ ಅವರ ಧ್ವನಿ ನಡುಗುತ್ತದೆ. ಗೇರ್‌ಬಾಕ್ಸ್ ಕೂಡ 915/08, ಇರಬೇಕಾದ್ದೇ.

ಹಾಗಾದರೆ ಕೈ ಕುಲುಕಿ ಹೊರಡಬಹುದಲ್ಲ? ಇಲ್ಲ. ಮಾರುವವರು ಇದನ್ನು ಬರೀ ಆರ್‌ಎಸ್ ಎಂದು ಮಾರುತ್ತಿಲ್ಲ, 'ಸ್ಪೋರ್ಟ್' ಎಂದು ಮಾರುತ್ತಿದ್ದಾರೆ. 1580ರಲ್ಲಿ ಎಂ471 ಎಂಬ ಸಂಕೇತದ ಸ್ಪೋರ್ಟ್ ಕಾರುಗಳು 200 ಮಾತ್ರ. 960 ಕಿಲೋ ತೂಕ, ಹಿಂದಿನ ಸೀಟಿಲ್ಲ, ಗಡಿಯಾರವಿಲ್ಲ, ಬಾಗಿಲು ಎಳೆಯಲು ಒಂದು ಪಟ್ಟಿ, ಮೂತಿಯ ಮೇಲಿನ ಲಾಂಛನ ಕೂಡ ಸ್ಟಿಕ್ಕರ್. ಎಂ472 ಎಂಬ ಟೂರಿಂಗ್ 1308 ಬಂದವು. ಅವಕ್ಕೆ 911 ಎಸ್‌ನ ಒಳ ಅಲಂಕಾರವೆಲ್ಲ ಇತ್ತು, ತೂಕ 1075 ಕಿಲೋ. ಬೆಲೆಯಲ್ಲಿ ಸ್ಪೋರ್ಟ್ ಬಹಳ ಮೇಲೆ. ಟೂರಿಂಗ್‌ನ ಒಳಗಿನದೆಲ್ಲ ಕಿತ್ತು ಸ್ಪೋರ್ಟ್ ಎಂದು ಮಾರುವ ಆಸೆ ಅಲ್ಲಿಂದಲೇ ಹುಟ್ಟುವುದು.

ಪರೀಕ್ಷಕರು ಬಾಗಿಲಿನ ಒಳಹಲಗೆ ತೆಗೆಸುತ್ತಾರೆ. ತಗಡಿನಲ್ಲಿ ಸ್ಕ್ರೂ ತೂತುಗಳಿವೆ. ತೂತಿದ್ದ ಮಾತ್ರಕ್ಕೆ ಏನೂ ಸಾಬೀತಾಗದು. ಆದರೆ ಅವುಗಳ ಸುತ್ತ ಬಣ್ಣ ಸವೆದ ಉಂಗುರವಿದೆ, ಕೈ ಆನಿಸುವ ಭಾರದ ಹಿಡಿಯೊಂದು ವರ್ಷಗಟ್ಟಲೆ ಅಲ್ಲಿ ಕೂತು ಅಲುಗಾಡಿದ ಗುರುತು. ಆಮೇಲೆ ಹಿಂಬದಿಯ ನೆಲದ ತೆಳು ಕಾರ್ಪೆಟ್ ಎಳೆದು, ಮೂಲೆಗೆ ಟಾರ್ಚ್ ಬಿಡುತ್ತಾರೆ. ಸಂದಿನಲ್ಲಿ ದೋಸೆ ಹಂಚಿನ ಅಂಚಿಗೆ ಕಚ್ಚಿದ ಕರಕಲಿನಂತೆ ಕಪ್ಪು ಡಾಂಬರು ಉಳಿದಿದೆ. ಸದ್ದು ತಡೆಯಲು ಟೂರಿಂಗ್‌ಗೆ ಬಳಿಯುತ್ತಿದ್ದ ಪದರ ಅದು. ಹಗುರವಿರಲೆಂದು ಸ್ಪೋರ್ಟ್‌ಗೆ ಅದನ್ನು ಹಾಕುತ್ತಿರಲಿಲ್ಲ. ಯಾರೋ ಕಷ್ಟಪಟ್ಟು ಕೆರೆದಿದ್ದಾರೆ, ಉಳಿ ಹೋಗದ ಮೂಲೆಯನ್ನು ಬಿಟ್ಟಿದ್ದಾರೆ.

"ಕಾರ್ಖಾನೆಯ ಕಾರ್ಡೆಕ್ಸ್ ಎಲ್ಲಿ?" ಎಂದು ಅವರು ಮಾರುವವರನ್ನು ಕೇಳುತ್ತಾರೆ. ಬೆಳಗ್ಗೆಯಿಂದ ಇವತ್ತು, ನಾಳೆ ಎನ್ನುತ್ತಿದ್ದ ಕಾಗದ ಈಗ ಕಡತದೊಳಗಿಂದ ಹೊರಬರುತ್ತದೆ. ಪೋರ್ಷೆ ಪ್ರತಿ ಕಾರಿಗೂ ಇಟ್ಟ ದಾಖಲೆ ಚೀಟಿಯ ಪ್ರತಿ. ಚಾಸಿಸ್ ನಂಬರ್ ಸರಿ, ಎಂಜಿನ್ ನಂಬರ್ ಸರಿ, ಡ್ಯಾಶ್‌ಬೋರ್ಡಿನೊಳಗಿನ ನಂಬರೂ ಸರಿ. ಸಂಕೇತದ ಜಾಗದಲ್ಲಿ ಟೈಪಾಗಿರುವುದು 472.

ಹಿಂದಿನ ಮಾಲೀಕರು ಹಾಗೆ ಮಾಡಿಸಿದ್ದರು ಎನ್ನುತ್ತಾರೆ ಮಾರುವವರು. ಇರಬಹುದು. ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಐವತ್ತು ವರ್ಷ ದಾಟಿದ ಅಸಲಿ ಕಾರೊಂದು, ತನ್ನದೇ ಎಂಜಿನ್, ತನ್ನದೇ ಪಂಪ್, ತನ್ನದೇ ತಗಡು ಉಳಿಸಿಕೊಂಡು ಬಂದದ್ದು. ಅದಕ್ಕೆ ಇಲ್ಲದ ಹೆಸರು ಅಂಟಿಸಲು ಅದರ ಸೀಟು, ಗಡಿಯಾರ, ಬಾಗಿಲಿನ ಹಿಡಿ ಎಲ್ಲ ಕಿತ್ತು ಎಲ್ಲಿಗೋ ಎಸೆದಿದ್ದಾರೆ. ಟೂರಿಂಗ್ ಆಗಿರುವುದು ಯಾವ ಕೊರತೆಯೂ ಅಲ್ಲ. ಆರ್‌ಎಸ್‌ಗಳಲ್ಲಿ ಬಹುಪಾಲು ಅವೇ, ದಿನಾ ಓಡಿಸಲು ಒಪ್ಪುವವೂ ಅವೇ.

"ಏನ್ ಮಾಡೋಣ ಹೇಳಪ್ಪ?" ಎನ್ನುತ್ತಾರೆ ಸಾರ್.

"ಕಾರು ಒಳ್ಳೇದು ಸಾರ್. ಹೇಳ್ತಿರೋ ಬೆಲೆ ಇದರದ್ದಲ್ಲ. ಟೂರಿಂಗ್ ಬೆಲೆಗೆ ಕೊಟ್ರೆ ತಗೊಳ್ಳಿ, ಒಳಗಿನ ಸಾಮಾನು ಹುಡುಕಿ ಮೊದಲಿದ್ದ ಹಾಗೆ ಮಾಡಿಸೋಣ. ಇಲ್ಲಾಂದ್ರೆ ಬೇಡ."

ಪರೀಕ್ಷಕರ ವರದಿಯಲ್ಲಿ ಎರಡೇ ಸಾಲು: ಕರೆರಾ ಆರ್‌ಎಸ್ 2.7 ಅಸಲಿ, ನಂಬರುಗಳೆಲ್ಲ ತಾಳೆಯಾಗುತ್ತವೆ. ಕಾರ್ಖಾನೆಯಿಂದ ಹೊರಬಂದಾಗ ಎಂ472, ಈಗಿನ ಸ್ಪೋರ್ಟ್ ವೇಷ ಆಮೇಲಿನದು.

ಇಂಥ ಕಾರಿನ ಮೇಲೆ ಕಣ್ಣಿಟ್ಟಿರುವ ಓದುಗರಿದ್ದರೆ ನನ್ನ ಒಂದು ಕೋರಿಕೆ. ಕಾರ್ಖಾನೆಯ ದಾಖಲೆಯ ಪ್ರತಿ ಕೈಗೆ ಬರುವ ತನಕ ಒಂದು ಯೂರೋ ಮುಂಗಡವನ್ನೂ ಕೊಡಬೇಡಿ, ಕಾರ್ಪೆಟ್ ಎತ್ತಲು ಬಿಡದವರ ಹತ್ತಿರ ಕೊಳ್ಳಲೇಬೇಡಿ.